ಮಂಡಳಿಯ ಮುಂದೆ ನೋವನ್ನು ಹೇಳುವುದು ಹೇಗೆ? ಅಂಗವೈಕಲ್ಯ ಪಿಂಚಣಿಯ ಅರ್ಜಿಯ ಕುರಿತು

ಪ್ರಶ್ನೆ: ಬದಿಯಡ್ಕದ ಹೊಲಿಗೆಯವಳು

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವಳು, ವಯಸ್ಸು 43. ಹನ್ನೆರಡು ವರ್ಷ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದೆ. ಅಡಿಕೆಯ ಕಾಲದಲ್ಲಿ ನೆರೆಮನೆಗಳಿಗೆ ಸುಲಿಯುವ ಕೆಲಸಕ್ಕೂ ಹೋಗುತ್ತಿದ್ದೆ. ಎರಡೂ ಕುಳಿತು ಮಾಡುವ ಕೆಲಸಗಳು. 2019ರ ಮಳೆಗಾಲದಲ್ಲಿ ಸೊಂಟದ ಡಿಸ್ಕ್ ಜಾರಿ ಎಡಗಾಲಿನ ನರವನ್ನು ಒತ್ತುತ್ತಿದೆ ಎಂದು ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಮೂರು ತಿಂಗಳು ಹಗುರವಾಗಿತ್ತು. ಬಳಿಕ ಬೇನೆ ಮರಳಿತು, ಅಂದಿನಿಂದ ಇಂದಿನವರೆಗೆ ಬಿಟ್ಟು ಹೋಗಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಉರಿ, ಪಾದದ ಮೇಲ್ಭಾಗ ಮರಗಟ್ಟಿದ ಹಾಗೆ, ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತುವುದಕ್ಕೆ ಬಲವಿಲ್ಲ. ನಡೆಯುವಾಗ ಆ ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿದರೂ ನನಗೆ ತಿಳಿಯುವುದಿಲ್ಲ, ಮಗ ಹೆಕ್ಕಿ ತಂದುಕೊಡುತ್ತಾನೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕುಳಿತರೆ ಏಳುವುದೇ ಕಷ್ಟ. ಹೊಲಿಗೆ ಯಂತ್ರವನ್ನು ಎರಡು ವರ್ಷದ ಹಿಂದೆ ಮಾರಿದೆವು.

ಕಳೆದ ವರ್ಷ ಅಕ್ಷಯ ಕೇಂದ್ರದ (ಸರಕಾರಿ ಅರ್ಜಿಗಳನ್ನು ಹಾಕಿಕೊಡುವ ಕೇಂದ್ರ) ಮೂಲಕ ಯುಡಿಐಡಿಗೆ, ಎಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ, ಕರೆ ಬಂದ ದಿನ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾದೆ. ಬಸ್ಸಿನಲ್ಲಿ ಕುಳಿತುಕೊಳ್ಳಲಾರದೆ ನಿಂತೇ ಹೋಗಿದ್ದೆ, ಅಲ್ಲಿಯೂ ಗೋಡೆಗೆ ಒರಗಿ ಎರಡು ಗಂಟೆ ನಿಂತಿದ್ದೆ. ಬೆಳಗ್ಗಿನ ಮಾತ್ರೆಯ ಬಲ ಇನ್ನೂ ಇದ್ದುದರಿಂದ ಬಾಗಲು ಹೇಳಿದಾಗ ಬಾಗಿದೆ, ನಡೆಯಲು ಹೇಳಿದಾಗ ನಾಲ್ಕು ಹೆಜ್ಜೆ ನಡೆದೆ. ನನ್ನ ಮಲಯಾಳ ಬಸ್ಸು, ಅಂಗಡಿಗೆ ಸಾಕಾಗುವಷ್ಟೇ. ಹಾಗಾಗಿ ಅಲ್ಲಿದ್ದ ಒಬ್ಬರು ನನ್ನ ಮಾತನ್ನು ಡಾಕ್ಟರರಿಗೆ ತಿಳಿಸಿದರು. ನಾನು ಉರಿ, ಮರಗಟ್ಟುವುದು, ಸೆಳೆತ ಎಂದು ಹೇಳಿದ್ದೆಲ್ಲ ಅವರ ಬಾಯಿಯಲ್ಲಿ ‘ನಡುವೇದನ’ ಎಂಬ ಒಂದೇ ಮಾತಾಯಿತು. ಐದು ನಿಮಿಷದಲ್ಲಿ ಮುಗಿಯಿತು. ಪ್ರಮಾಣಪತ್ರದಲ್ಲಿ 20 ಶೇಕಡಾ ಎಂದು ಬಂದಿದೆ, ಪಿಂಚಣಿಗೆ 40 ಬೇಕಂತೆ. ಆ ದಿನ ಬಾಗಿದ್ದಕ್ಕೆ ಮುಂದಿನ ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ ಎಂಬುದು ಯಾವ ಕಾಗದದಲ್ಲಿಯೂ ಇಲ್ಲ.

ನನ್ನ ಪ್ರಶ್ನೆಗಳು ಇವು. ಈ 20 ಶೇಕಡಾದ ವಿರುದ್ಧ ಮೇಲ್ಮನವಿ ಕೊಡಬೇಕೇ, ಹೊಸದಾಗಿ ಅರ್ಜಿ ಹಾಕಬೇಕೇ? ಮುಂದಿನ ಸಲ ಮಾತ್ರೆ ತೆಗೆದುಕೊಳ್ಳದೆ ಹೋದರೆ ನನ್ನ ನಿಜವಾದ ಸ್ಥಿತಿ ಕಾಣಬಹುದು ಎಂದು ಮನೆಯವರು ಹೇಳುತ್ತಾರೆ, ಅದು ಸರಿಯೇ? ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ನೋಡು ಎಂದು ನೆರೆಯ ಒಬ್ಬರು ಸಲಹೆ ಕೊಟ್ಟಿದ್ದಾರೆ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ತೊಡಕೆಂದರೆ, 2020ರ ಮಾರ್ಚಿನಲ್ಲಿ ಕೊರೋನಾದಿಂದ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ ಮೇಲೆ ಮಂಗಳೂರಿನ ಡಾಕ್ಟರರಲ್ಲಿಗೆ ಹೋಗಲಾಗದೆ ನನ್ನ ಚಿಕಿತ್ಸೆಯ ದಾಖಲೆಗಳಲ್ಲಿ ಒಂದೂವರೆ ವರ್ಷದ ಅಂತರ ಬಿದ್ದಿದೆ. ನೋವು ಇದ್ದಿದ್ದರೆ ಅಷ್ಟು ಸಮಯ ಸುಮ್ಮನಿರುತ್ತಿದ್ದಿರಾ ಎಂದು ಮಂಡಳಿಯಲ್ಲಿ ನನ್ನನ್ನು ಕೇಳಿದರು. ನಾನು ಸುಮ್ಮನಿರಲಿಲ್ಲ. ಊರಿನ ಔಷಧದ ಅಂಗಡಿಯಿಂದ ಹಳೆಯ ಚೀಟಿ ತೋರಿಸಿ ಮಾತ್ರೆ ತರಿಸುತ್ತಿದ್ದೆ.

ಉತ್ತರ: ಮುಳ್ಳೇರಿಯಾದ ಫಿಸಿಯೋಥೆರಪಿಸ್ಟ್

ಅಕ್ಕ, ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ನರದ ಉರಿಗೆ ಸಾಮಾನ್ಯವಾಗಿ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್‌ನಂತಹ ಔಷಧಗಳನ್ನು ಥಟ್ಟನೆ ನಿಲ್ಲಿಸಬಾರದು. ನಿದ್ದೆ ಕೆಡುವುದು, ಬೆವರುವುದು, ವಾಕರಿಕೆ, ತಳಮಳ ಇವೆಲ್ಲ ಕಾಣಿಸಿಕೊಳ್ಳಬಹುದು. ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ನಿಮ್ಮ ಡಾಕ್ಟರರನ್ನು ಕೇಳದೆ ಒಂದು ದಿನದ ಮಟ್ಟಿಗೂ ಅದನ್ನು ಬಿಡಬೇಡಿ. ಅಲ್ಲದೆ, ಮಂಡಳಿ ನೋಡಬೇಕಾದದ್ದು ಚಿಕಿತ್ಸೆ ನಡೆಯುತ್ತಿರುವಾಗಲೂ ನಿಮ್ಮಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು. ದಿನವೂ ಇಂಥ ಮಾತ್ರೆ, ಇಷ್ಟು ಪ್ರಮಾಣ, ಇಷ್ಟು ವರ್ಷಗಳಿಂದ ಎಂಬ ಚೀಟಿಯೇ ನಿಮ್ಮ ಪರವಾದ ಸಾಕ್ಷಿ. ಮಾತ್ರೆ ತೆಗೆದುಕೊಂಡಿದ್ದೇನೆ, ಗಂಟೆ ಇಷ್ಟಾಗಿತ್ತು, ಇದರ ಬಲ ಇಷ್ಟು ಹೊತ್ತು ಇರುತ್ತದೆ ಎಂದು ನೀವೇ ಮೊದಲು ಹೇಳಿಬಿಡಿ.

ಇನ್ನು 20 ಶೇಕಡಾ ಹೇಗೆ ಬಂತು ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಲಾಗಿದೆ. ದೀರ್ಘಕಾಲದ ನೋವು ಎಂಬುದು ಅವುಗಳಲ್ಲಿ ಒಂದಾಗಿ ಇಲ್ಲ. ಸೊಂಟ, ಕೈಕಾಲುಗಳ ತೊಂದರೆ ಚಲನಾಂಗ ವೈಕಲ್ಯ ಎಂಬ ವಿಭಾಗಕ್ಕೆ ಬರುತ್ತದೆ, ಅಲ್ಲಿ ಅಳೆಯುವುದು ಕೀಲು ಎಷ್ಟು ತಿರುಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ನಿಲ್ಲುವಾಗ ನಡೆಯುವಾಗ ಎಷ್ಟು ಸ್ಥಿರತೆ ಇದೆ ಎಂಬುದನ್ನು. ನೋವು ಮೂರು ತಿಂಗಳು ಮೀರಿ ಉಳಿದರೆ ಅದೇ ಒಂದು ಕಾಯಿಲೆಯಾಗಿ ಪರಿಗಣಿಸಬೇಕಾದದ್ದು ಎಂದು ವೈದ್ಯಕೀಯ ಲೋಕ ಈಗ ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಪ್ರತ್ಯೇಕ ಸಂಕೇತವೂ ಸಿಕ್ಕಿತು. ಆದರೆ ಶೇಕಡಾ ಲೆಕ್ಕ ಹಾಕುವ ಕೋಷ್ಟಕಕ್ಕೆ ಆ ತಿಳಿವಳಿಕೆ ಇನ್ನೂ ತಲುಪಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಎಕ್ಸ್‌ರೇಯಲ್ಲಿ ಹದಗೆಟ್ಟಂತೆ ಕಾಣುವ ಬೆನ್ನೆಲುಬಿನವರು ಆರಾಮವಾಗಿ ಓಡಾಡುವುದನ್ನೂ, ಎಂಆರ್‌ಐಯಲ್ಲಿ ಹೆಚ್ಚೇನೂ ಇಲ್ಲದವರು ಮಗ್ಗುಲು ಬದಲಿಸಲಾಗದೆ ಅಳುವುದನ್ನೂ ನಾನು ಕೆಲಸದಲ್ಲಿ ಕಾಣುತ್ತಲೇ ಇದ್ದೇನೆ.

ಆದರೆ ನಿಮ್ಮ ವಿಷಯದಲ್ಲಿ ನೋವಷ್ಟೇ ಅಲ್ಲ, ಇನ್ನೊಂದು ಸಂಗತಿ ಇದೆ, ಅದನ್ನು ನೀವು ಬಹಳ ಹಗುರವಾಗಿ ಬರೆದುಬಿಟ್ಟಿದ್ದೀರಿ. ಹೆಬ್ಬೆರಳು ಮೇಲೇಳದಿರುವುದು, ಪಾದದ ಮೇಲ್ಭಾಗ ಮರಗಟ್ಟುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು ಇವೆಲ್ಲ ಸೊಂಟದ ನರವೊಂದು ತನ್ನ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತುಗಳು. ಇದನ್ನು ಅಳೆಯಬಹುದು. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುವ ಕ್ರಮವಿದೆ, ಎರಡೂ ಮೀನಖಂಡಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಹೋಲಿಸಬಹುದು, ನರವಹನ ಪರೀಕ್ಷೆ ಮಾಡಿಸಬಹುದು. ಮಂಡಳಿಯಲ್ಲಿ ನಿಮ್ಮ ಸೊಂಟವನ್ನು ಮಾತ್ರ ನೋಡಿ, ಪಾದವನ್ನು ಪರೀಕ್ಷಿಸದೆ ಬಿಟ್ಟಿದ್ದಾರೆಯೇ ಎಂದು ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿ ನೋಡಿ. ಎರಡು ತೊಂದರೆಗಳಿದ್ದರೆ ಅವುಗಳ ಶೇಕಡಾವನ್ನು ಸುಮ್ಮನೆ ಕೂಡಿಸುವುದಿಲ್ಲ. ದೊಡ್ಡದನ್ನು ಹಾಗೆಯೇ ಇಟ್ಟುಕೊಂಡು, 90ರಿಂದ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಉದಾಹರಣೆಗೆ ಒಂದು 30, ಇನ್ನೊಂದು 20 ಇದ್ದರೆ ಮೊತ್ತ 50 ಅಲ್ಲ, 43ರ ಆಸುಪಾಸು. ನಿಮಗೆ ಇಷ್ಟೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ, ನೋಡದೆ ಹೇಳಲೂಬಾರದು. ಒಂದು ಭಾಗವನ್ನು ಅಳೆಯದೆ ಬಿಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಮಾತ್ರ ತಿಳಿಸಬೇಕಿತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ನೋವನ್ನು ಹೆಚ್ಚಿಸಿ ತೋರಿಸಬೇಡಿ. ಮಲಗಿಸಿ ಕಾಲೆತ್ತಿಸಿದ ಪರೀಕ್ಷೆಯನ್ನೇ ಕುರ್ಚಿಯಲ್ಲಿ ಕೂರಿಸಿ ಬೇರೆ ನೆಪದಲ್ಲಿ ಮತ್ತೊಮ್ಮೆ ಮಾಡಿ ನೋಡುವ ಪದ್ಧತಿ ಡಾಕ್ಟರರಲ್ಲಿ ಇದೆ. ಎರಡಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ನಿಜವಾದ ನೋವಿನ ಮೇಲೂ ಅನುಮಾನ ಬರುತ್ತದೆ. ಹಾಗೆಯೇ ಕಡಿಮೆ ಮಾಡಿಯೂ ತೋರಿಸಬೇಡಿ. ನಮ್ಮ ಕಡೆಯ ಹೆಂಗಸರಿಗೆ ಹಲ್ಲು ಕಚ್ಚಿ ಬಾಗಿಬಿಡುವುದು ಅಭ್ಯಾಸವಾಗಿದೆ. ಬಾಗಲು ಹೇಳಿದಾಗ ಎಲ್ಲಿ ನೋವು ಶುರುವಾಗುತ್ತದೋ ಅಲ್ಲಿ ನಿಂತು, ಇಲ್ಲಿಂದ ಮುಂದೆ ಬಾಗಿದರೆ ನಾಳೆ ಏಳಲಾರೆ ಎಂದು ಹೇಳಿ.

ಉತ್ತರ: ಕುಂಬಳೆಯ ನಿವೃತ್ತ ಗುಮಾಸ್ತ

ತಂಗೀ, ಪಂಚಾಯತು ಕಚೇರಿಯಲ್ಲಿ ಪಿಂಚಣಿಯ ಕಡತಗಳ ನಡುವೆಯೇ ಬಹಳ ವರ್ಷ ಕಳೆದವನು ನಾನು. ಕಚೇರಿಯ ಭಾಗವನ್ನು ನಾನು ಹೇಳುತ್ತೇನೆ.

ಮೇಲ್ಮನವಿಯೋ ಮರುಪರೀಕ್ಷೆಯೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿರುವ ಪ್ರಮಾಣಪತ್ರದಲ್ಲೇ ಇದೆ. 2016ರ ಕಾಯ್ದೆಯ 59ನೆಯ ಕಲಮಿನ ಪ್ರಕಾರ ಪ್ರಮಾಣಪತ್ರ ಕೊಡುವ ಪ್ರಾಧಿಕಾರದ ನಿರ್ಧಾರದ ವಿರುದ್ಧ ಮೇಲ್ಮನವಿಗೆ ನಿಮಗೆ ಹಕ್ಕಿದೆ. ಅದಕ್ಕೆ ಅವಧಿ ಇರುತ್ತದೆ, ಮೇಲ್ಮನವಿಯನ್ನು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಎಂಬುದನ್ನು ಮಂಡಳಿ ನಡೆಯುವ ಆಸ್ಪತ್ರೆಯ ಕಚೇರಿಯಲ್ಲಿಯೋ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲಿಯೋ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಮೇಲ್ಮನವಿ ಎಂದರೆ, ನನ್ನನ್ನು ಸರಿಯಾಗಿ ನೋಡಿದರೂ ತಪ್ಪಾಗಿ ಲೆಕ್ಕ ಹಾಕಿದ್ದಾರೆ ಎಂಬ ವಾದ. ನಿಮ್ಮ ಪಾದವನ್ನು ನೋಡಿಯೇ ಇಲ್ಲವಾದರೆ, ಅದರ ಪರೀಕ್ಷೆಯ ವರದಿಯೇ ಆಗ ಇರಲಿಲ್ಲವಾದರೆ, ಹೊಸ ವರದಿಗಳನ್ನು ಸೇರಿಸಿ ಮರುಪರೀಕ್ಷೆ ಕೇಳುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಈಗಿರುವ ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನೂ ನೋಡಿ. ತಾತ್ಕಾಲಿಕವಾಗಿದ್ದರೆ ಅದರಲ್ಲಿ ಒಂದು ಅವಧಿ ಬರೆದಿರುತ್ತದೆ, ಆ ಅವಧಿ ಮುಗಿಯುವಾಗ ಹೇಗೂ ಮತ್ತೆ ಪರೀಕ್ಷೆ ಆಗಬೇಕು. ಅರ್ಜಿ ತಲುಪಿದ ಮೇಲೆ ಪ್ರಮಾಣಪತ್ರ ಕೊಡಲು 2024ರ ತಿದ್ದುಪಡಿ ನಿಯಮಗಳು ಮೂರು ತಿಂಗಳ ಕಾಲಾವಕಾಶ ಕೊಟ್ಟಿವೆ, ಮೊದಲು ಅದು ಒಂದು ತಿಂಗಳಿತ್ತು. ಆದ್ದರಿಂದ ಎರಡನೆಯ ವಾರದಲ್ಲೇ ನಿರಾಶರಾಗಬೇಡಿ.

ಪಿಂಚಣಿ ಬೇರೆ, ಪ್ರಮಾಣಪತ್ರ ಬೇರೆ. ಇದು ಅನೇಕರಿಗೆ ಗೊಂದಲ. ಪ್ರಮಾಣಪತ್ರ ಸಿಕ್ಕಿದ ಮಾತ್ರಕ್ಕೆ ಪಿಂಚಣಿ ತಾನಾಗಿ ಬರುವುದಿಲ್ಲ. ಪಂಚಾಯತು ಕಾರ್ಯದರ್ಶಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಕೇರಳದಲ್ಲಿ ಅದಕ್ಕೆ ಕನಿಷ್ಠ 40 ಶೇಕಡಾ ಅಂಗವೈಕಲ್ಯ ಇರಬೇಕು, ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಬಾರದು, ಎರಡು ಎಕರೆಗಿಂತ ಹೆಚ್ಚು ಜಮೀನು ಇರಬಾರದು. ತೋಟ ಹಳದಿ ರೋಗಕ್ಕೆ ಸಿಕ್ಕಿ ಏನೂ ಹುಟ್ಟುವಳಿ ಇಲ್ಲದ ಮನೆಗಳೂ ಎರಡೂಕಾಲು ಎಕರೆ ಇದೆಯೆಂಬ ಕಾರಣಕ್ಕೆ ಹೊರಗುಳಿದದ್ದನ್ನು ನೋಡಿ ನನಗೆ ಬೇಸರವಾದದ್ದುಂಟು, ಆದರೆ ನಿಯಮ ಹಾಗಿದೆ. ಆದಾಯ ಪ್ರಮಾಣಪತ್ರ ವಿಲೇಜ್ ಆಫೀಸಿನದು, ಅಕ್ಷಯದ ಮೂಲಕ ಅರ್ಜಿ ಹಾಕಬಹುದು. ತಿಂಗಳಿಗೆ 1600 ರೂಪಾಯಿ ಇದ್ದ ಪಿಂಚಣಿ 2025ರ ನವೆಂಬರಿನಿಂದ 2000 ಆಗಿದೆ. ಮಂಜೂರಾದ ಮೇಲೆ ಸರಕಾರ ಹೇಳಿದ ಸಮಯದಲ್ಲಿ ಮಸ್ಟರಿಂಗ್, ಎಂದರೆ ಪಿಂಚಣಿದಾರರು ಬದುಕಿದ್ದಾರೆಂದು ಖಚಿತಪಡಿಸುವ ದಾಖಲಾತಿ, ಮಾಡಿಸಲು ಮರೆಯಬೇಡಿ, ಅದೊಂದು ತಪ್ಪಿದರೆ ಬರುತ್ತಿದ್ದ ಹಣವೂ ನಿಲ್ಲುತ್ತದೆ. ನಿಮ್ಮಂತಹವರಿಗೆ ಅಕ್ಷಯಕ್ಕೆ ಹೋಗುವುದೂ ಒಂದು ಪ್ರಯಾಣವೇ, ಹೋಗಲಾರದವರಿದ್ದರೆ ಮನೆಗೇ ಬಂದು ಮಾಡುವ ಏರ್ಪಾಡನ್ನು ಕೇಳಿಕೊಳ್ಳಿ.

ನೀವು ಹೊಲಿಗೆಯವರು ಎಂದಿರಿ. ಕೇರಳದಲ್ಲಿ ಟೈಲರಿಂಗ್ ಕಾರ್ಮಿಕರ ಕ್ಷೇಮನಿಧಿ ಇದೆ. ಅದಕ್ಕೆ ಎಂದಾದರೂ ಸದಸ್ಯೆಯಾಗಿ ವಂತಿಗೆ ಕಟ್ಟಿದ್ದೀರಾ? ಕಟ್ಟಿದ್ದರೆ ಆ ಪಾಸ್‌ಪುಸ್ತಕವನ್ನು ಹುಡುಕಿ ತೆಗೆಯಿರಿ, ವಂತಿಗೆ ಬಾಕಿಯಾಗಿದ್ದರೂ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ನಮ್ಮ ಕಡೆಯ ಬೀಡಿ ಕಟ್ಟುವ ಹೆಂಗಸರಿಗೂ ಇದನ್ನೇ ಹೇಳುತ್ತೇನೆ: ಪ್ರಾವಿಡೆಂಟ್ ಫಂಡ್ ಇದ್ದವರಿಗೆ 1995ರ ಪಿಂಚಣಿ ಯೋಜನೆಯಲ್ಲಿ ಸೇವೆಯಲ್ಲಿರುವಾಗ ಪೂರ್ಣ ಹಾಗೂ ಶಾಶ್ವತ ಅಂಗವೈಕಲ್ಯ ಬಂದರೆ ಪಿಂಚಣಿಗೆ ಅವಕಾಶವಿದೆ, ಅದಕ್ಕೆ ಹತ್ತು ವರ್ಷದ ಸೇವೆ ಆಗಬೇಕೆಂದಿಲ್ಲ. ಕುತ್ತಿಗೆ, ಹೆಗಲು ಹಿಡಿದು ಹೋಗಿ ಮನೆಯಲ್ಲಿ ಕುಳಿತ ಎಷ್ಟೋ ಮಂದಿಗೆ ಇದು ತಿಳಿದೇ ಇಲ್ಲ.

ಎಂಡೋಸಲ್ಫಾನ್ ಪಟ್ಟಿಯ ವಿಷಯದಲ್ಲಿ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ವಿಷದಿಂದ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡವರಿಗಾಗಿ ಆ ಪಟ್ಟಿ ಇದೆ; ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ ತಪಾಸಣೆ ಮಾಡಿ ಸಿದ್ಧಪಡಿಸಿದ್ದು ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ಪರಿಹಾರ ಮೂರು ತಿಂಗಳೊಳಗೆ ಕೊಡಿ ಎಂದ ಮೇಲೂ ಅನೇಕರು ವರ್ಷಗಳ ಕಾಲ ಕಾದರು. ನಿಮ್ಮ ತೊಂದರೆಯ ಕಾರಣ ದಾಖಲೆಯಲ್ಲಿ ಸ್ಪಷ್ಟವಾಗಿ ಇರುವಾಗ ಅದನ್ನು ಬೇರೆಯದಕ್ಕೆ ಬೆರೆಸಿದರೆ ಎರಡೂ ಕೆಡುತ್ತವೆ.

ದಾಖಲೆಯ ಅಂತರದ ಬಗ್ಗೆ ಹೇಳುವುದಾದರೆ, ಅದನ್ನು ಮುಚ್ಚಿಡಬೇಡಿ. ಅರ್ಜಿಯ ಜೊತೆ ಕೊಡುವ ಹೇಳಿಕೆಯಲ್ಲಿ ಒಂದು ವಾಕ್ಯ ಬರೆಯಿರಿ: 2020ರ ಮಾರ್ಚಿನಿಂದ ಗಡಿ ಮುಚ್ಚಿದ್ದರಿಂದ ಮಂಗಳೂರಿನ ಚಿಕಿತ್ಸೆ ತಪ್ಪಿತು, ಆ ಅವಧಿಯಲ್ಲಿ ಇಂಥ ಔಷಧವನ್ನು ಸ್ಥಳೀಯವಾಗಿ ತರಿಸಿ ಮುಂದುವರಿಸಿದ್ದೇನೆ. ಆ ಗಡಿಯಲ್ಲಿ ಆಂಬುಲೆನ್ಸುಗಳೇ ನಿಂತದ್ದು ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ. ಔಷಧದ ಅಂಗಡಿಯವರಲ್ಲಿ ಹಳೆಯ ಬಿಲ್ಲಿನ ಪ್ರತಿ ಸಿಗಬಹುದೇ ಎಂದು ಕೇಳಿ. ಮನೆಗೆ ಬಂದು ರೋಗಿಗಳ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಅಥವಾ ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದಿದ್ದರೆ ಅವರ ಪುಸ್ತಕದಲ್ಲಿ ತಾರೀಕು ಇರುತ್ತದೆ.

ಉತ್ತರ: ಉಪ್ಪಳದ ನೌಕರಳು

ಅಕ್ಕ, ನಿಮ್ಮ ಪತ್ರ ಓದಿ ನನ್ನದನ್ನೂ ಬರೆಯಬೇಕೆನ್ನಿಸಿತು. ನನಗೆ ಇರುವುದು ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ನೋವು, ನಿದ್ದೆ ಮಾಡಿಯೂ ತೀರದ ಆಯಾಸ, ಆದರೆ ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲವೂ ಚೆನ್ನಾಗಿವೆ. ನರಮಂಡಲವು ನೋವಿನ ಸೂಚನೆಗಳನ್ನು ಸ್ವೀಕರಿಸುವ ರೀತಿಯೇ ಸೂಕ್ಷ್ಮವಾಗಿಬಿಟ್ಟಿದೆ ಎಂದು ನನಗೆ ಡಾಕ್ಟರರು ವಿವರಿಸಿದರು. ಕೀಲು ತಿರುಗುತ್ತದೆ, ಸ್ನಾಯುವಿಗೆ ಬಲವಿದೆ, ಆದ್ದರಿಂದ ಮಂಡಳಿಯ ಕೋಷ್ಟಕದಲ್ಲಿ ನನಗೆ ಸ್ಥಳವಿಲ್ಲ. ಎರಡು ಸಲ ಹೋಗಿ ಬಂದೆ. ಎರಡನೆಯ ಸಲ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಬಹಳ ಹೊತ್ತು ಅತ್ತೆ. ಮೂರನೆಯ ಸಲ ಹೋಗುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಪಾದದ ಬಲ ಕಡಿಮೆಯಾಗಿರುವ ನಿಮಗೂ ನನಗೂ ಈ ವ್ಯತ್ಯಾಸ ಇದೆ, ನಿಮ್ಮದನ್ನು ಅಳೆಯಲು ಒಂದು ಸಾಧನವಾದರೂ ಇದೆ. ಅದನ್ನು ಬಿಡಬೇಡಿ.

ಆದರೆ 40 ಸಿಗದಿದ್ದರೆ ಎಲ್ಲವೂ ಮುಗಿಯಿತು ಎಂದು ಯಾರೂ ತಿಳಿಯಬಾರದು. ಪಿಂಚಣಿಗೆ, ಮೀಸಲಾತಿಗೆ 40ರ ಗೆರೆ ಇದೆ, ನಿಜ. ಕೆಲಸದ ಸ್ಥಳದಲ್ಲಿ ಕೊಡಬೇಕಾದ ಸೂಕ್ತ ಹೊಂದಾಣಿಕೆಗೆ ಆ ಗೆರೆ ಇಲ್ಲ. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವನ್ನು 40 ಶೇಕಡಾ ಇರುವವರಿಗಷ್ಟೇ ಸೀಮಿತಗೊಳಿಸಲಾಗದು ಎಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಅಂಗವಿಕಲ ವ್ಯಕ್ತಿ ಎಂಬ ಮಾತಿಗೆ ಕೊಟ್ಟಿರುವ ಅರ್ಥ ಶೇಕಡಾವಾರಿಗಿಂತ ವಿಶಾಲವಾದದ್ದು ಎಂಬುದು ಅದರ ತಿರುಳು. ನಾನು ಆ ತೀರ್ಪನ್ನು ಉಲ್ಲೇಖಿಸಿ, ನನ್ನ ಡಾಕ್ಟರರ ಪತ್ರದ ಜೊತೆ ಮೇಲಧಿಕಾರಿಗೆ ಮನವಿ ಬರೆದೆ. ಕೆಳಗಿನ ಅಂತಸ್ತಿನಲ್ಲಿ ಮೇಜು, ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡಲು ಅನುಮತಿ, ಇಷ್ಟೇ ಕೇಳಿದ್ದೆ, ಇಷ್ಟು ಸಿಕ್ಕಿತು. ಇದರಿಂದ ನಾನು ಕೆಲಸ ಬಿಡದೆ ಉಳಿದೆ. ನಿಮ್ಮ ಸ್ಥಿತಿಗೆ ಇದು ನೇರವಾಗಿ ಉಪಯೋಗವಾಗದು, ಗೊತ್ತು. ಇಲ್ಲಿ ಓದುವವರಲ್ಲಿ ಬೇರೆ ಯಾರಿಗಾದರೂ ಬೇಕಾಗಬಹುದು.

ನಮ್ಮ ನೋವನ್ನು ನಂಬದವರ ಎದುರು ಅದನ್ನು ಮತ್ತೆ ಮತ್ತೆ ವಿವರಿಸುವ ದಣಿವು ಬೇರೆಯೇ. ಅಂದು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಉತ್ತರ: ನೀರ್ಚಾಲಿನ ಕನ್ನಡ ಅಧ್ಯಾಪಕ

‘ನಡುವೇದನ’ ಎಂಬ ಒಂದು ಮಾತಿನ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ನನಗೆ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು ಅದು. ಫಿಸಿಯೋಥೆರಪಿಸ್ಟ್ ಅವರು ಹೇಳಿದ ಹಾಗೆ ಉರಿ, ಮರಗಟ್ಟುವುದು ನರದ ತೊಂದರೆಯ ಗುರುತುಗಳಾದರೆ, ಅವುಗಳನ್ನು ಬರಿಯ ಸೊಂಟನೋವು ಎಂದು ತಿಳಿಸಿದ ಕ್ಷಣದಲ್ಲೇ ಪಾದವನ್ನು ಪರೀಕ್ಷಿಸುವ ಕಾರಣ ಇಲ್ಲವಾಯಿತಲ್ಲವೇ? ಭಾಷಾಂತರ ಮಾಡಿದವರು ಕೆಟ್ಟ ಮನಸ್ಸಿನವರಲ್ಲ, ಅವಸರದಲ್ಲಿದ್ದರು. ಆದರೆ ನಷ್ಟವಾದದ್ದು ಈ ಅಕ್ಕನಿಗೆ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಇರುವ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಹಕ್ಕನ್ನು ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಹೇಳಿಕೆಯನ್ನು ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಕೊಡಿ.

ಜೊತೆಗೆ, ಬಾಯಿಮಾತಿಗೆ ಬೇಕಾದ ನಾಲ್ಕು ಮಲಯಾಳ ಶಬ್ದಗಳನ್ನು ಕಲಿತಿರಿ: ಉರಿಗೆ ‘ಎರಿಚ್ಚಿಲ್’, ಜುಮುಗುಡುವುದಕ್ಕೆ ‘ತರಿಪ್ಪ್’, ಮರಗಟ್ಟುವುದಕ್ಕೆ ‘ಮರವಿಪ್ಪ್’, ಒಳಗಿನಿಂದ ಹಿಂಡುವ ಬೇನೆಗೆ ‘ಕಡಚ್ಚಿಲ್’. ಮರಗಟ್ಟುವುದೂ ಮರವಿಪ್ಪೂ ಕಿವಿಗೆ ಅಕ್ಕತಂಗಿಯರಂತೆ ಕೇಳಿಸುತ್ತವೆ, ನೆನಪಿಡುವುದು ಕಷ್ಟವಾಗದು.

ಉತ್ತರ: ಕುಂಬಳೆಯ ನಿವೃತ್ತ ಗುಮಾಸ್ತ

ಮಾಷ್ಟ್ರೇ, ಹಕ್ಕಿನ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕನ್ನಡದ ಅರ್ಜಿಗಳನ್ನು ಹಿಂದಿರುಗಿಸಬಾರದೆಂದು ನಾನೇ ಕಚೇರಿಯಲ್ಲಿ ವಾದಿಸಿದ್ದೇನೆ. ಆದರೆ ಪಂಚಾಯತಿಗೆ ಕೊಡುವ ಅರ್ಜಿ ಒಂದು, ಡಾಕ್ಟರರ ಮೇಜಿನ ಮೇಲಿಡುವ ಹೇಳಿಕೆ ಇನ್ನೊಂದು. ಮೊದಲನೆಯದನ್ನು ಓದಿಸಲು ಕಚೇರಿಗೆ ಸಮಯವಿದೆ. ಎರಡನೆಯದು ಆ ಐದು ನಿಮಿಷದಲ್ಲಿ, ಆ ಕೋಣೆಯಲ್ಲಿ, ಆ ಡಾಕ್ಟರರಿಗೆ ಅರ್ಥವಾಗಬೇಕು. ಬೇರೆ ಜಿಲ್ಲೆಯಿಂದ ಬಂದ ಡಾಕ್ಟರರಾದರೆ ಕನ್ನಡ ಓದಲಾರರು. ಆದ್ದರಿಂದ ಕನ್ನಡದ ಹೇಳಿಕೆಗೆ ಇಂಗ್ಲಿಷಿನ ಪ್ರತಿಯೊಂದನ್ನು ಜೋಡಿಸಿಯೇ ಕೊಡಿ. ಹಕ್ಕಿಗಾಗಿ ಹೋರಾಡುವ ಕೆಲಸವನ್ನು ನಮ್ಮಂಥ ಗಟ್ಟಿ ಸೊಂಟದವರು ಬೇರೆ ದಿನ ಮಾಡೋಣ, ಅಂದು ಈ ತಂಗಿಯ ಪಾದವನ್ನು ಯಾರಾದರೂ ಮುಟ್ಟಿ ನೋಡಲಿ.

ಉತ್ತರ: ನೀರ್ಚಾಲಿನ ಕನ್ನಡ ಅಧ್ಯಾಪಕ

ಒಪ್ಪಿದೆ. ಇಂಗ್ಲಿಷಿನ ಪ್ರತಿಯನ್ನು ನಾನು ಮಾಡಿಕೊಡುತ್ತೇನೆ.

ಉತ್ತರ: ಬದಿಯಡ್ಕದ ಹೊಲಿಗೆಯವಳು

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಪ್ರಮಾಣಪತ್ರ ತೆಗೆದು ನೋಡಿದೆ. ಸೊಂಟದ ಹೆಸರು ಮಾತ್ರ ಇದೆ, ಕಾಲಿನ ಪ್ರಸ್ತಾಪ ಇಲ್ಲ. ತಾತ್ಕಾಲಿಕ ಎಂದೂ ಬರೆದಿದೆ, ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ. ಕ್ಷೇಮನಿಧಿಯ ಪುಸ್ತಕ ಸಿಕ್ಕಿತು, ಯಂತ್ರ ಮಾರಿದ ವರ್ಷದಿಂದ ವಂತಿಗೆ ಕಟ್ಟಿಲ್ಲ. ನರದ ಪರೀಕ್ಷೆಗೆ ಮುಂದಿನ ವಾರ ಹೋಗುತ್ತೇನೆ. ಮಾತ್ರೆ ಬಿಡುವುದಿಲ್ಲ, ಮನೆಯವರಿಗೂ ಓದಿ ಹೇಳಿದ್ದೇನೆ.

ಹತ್ತು ದಿನದಿಂದ ಮಗನ ಹಳೆಯ ಪುಸ್ತಕವೊಂದರಲ್ಲಿ ದಿನವೂ ಬರೆದಿಡುತ್ತಿದ್ದೇನೆ. ಅದನ್ನು ನೋಡಿ ಹೇಳಿಕೆಯ ಕರಡು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

‘2019ರಿಂದ ನನಗೆ ತುಂಬಾ ನೋವಿದೆ. ಬೆಳಗ್ಗೆ ಹಾಸಿಗೆಯಿಂದ ಏಳಲು ಮಗ್ಗುಲಾಗಿ, ಗೋಡೆ ಹಿಡಿದು, ಹತ್ತು ನಿಮಿಷ ಬೇಕು. ನೆಲದಲ್ಲಿ ಕುಳಿತು ತೆಂಗಿನಕಾಯಿ ತುರಿಯಲಾರೆ, ಅದನ್ನು ಅತ್ತೆ ಮಾಡುತ್ತಾರೆ. ಬಾವಿಯಿಂದ ನೀರು ಸೇದಲಾರೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕುಳಿತುಕೊಳ್ಳಲಾರೆ, ಅರ್ಧ ಗಂಟೆಗಿಂತ ಹೆಚ್ಚು ಒರಗದೆ ನಿಲ್ಲಲಾರೆ. ಎಡಗಾಲಿನ ಹೆಬ್ಬೆರಳು ಮೇಲೇಳುವುದಿಲ್ಲ, ಹೊಸ್ತಿಲು ದಾಟುವಾಗ ಪಾದ ತಾಗುತ್ತದೆ, ಈ ತಿಂಗಳಲ್ಲಿ ಎರಡು ಬಾರಿ ಬಿದ್ದಿದ್ದೇನೆ. ಪಾದದ ಮೇಲ್ಭಾಗಕ್ಕೆ ಬಿಸಿನೀರು ಬಿದ್ದದ್ದು ತಿಳಿಯದೆ ಬೊಬ್ಬೆ ಎದ್ದಿತ್ತು. ಹತ್ತು ದಿನಗಳಲ್ಲಿ ಮೂರು ದಿನ ಅಡುಗೆ ಮಾಡಿದೆ, ಉಳಿದ ದಿನ ಆಗಲಿಲ್ಲ. ಒಳ್ಳೆಯ ದಿನಗಳೂ ಇವೆ. ಆ ದಿನ ಮಾಡಿದ ಕೆಲಸಕ್ಕೆ ಮರುದಿನ ಮಲಗಬೇಕಾಗುತ್ತದೆ.’

ಒಳ್ಳೆಯ ದಿನಗಳಿವೆ ಎಂದು ಬರೆಯಬೇಡ, ಅದರಿಂದ ಕೇಸು ಹಗುರವಾಗುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ. ಬಿಡಬೇಕೇ?

ಉತ್ತರ: ಮುಳ್ಳೇರಿಯಾದ ಫಿಸಿಯೋಥೆರಪಿಸ್ಟ್

ಬಿಡಬೇಡಿ. ನೀವು ಅಂದು ಬಾಗಿದ್ದು ಹೇಗೆ ಎಂಬುದಕ್ಕೆ ಉತ್ತರ ಆ ಎರಡು ವಾಕ್ಯಗಳಲ್ಲಿದೆ. ಆ ದಿನ ನೋಡಿದ ಡಾಕ್ಟರರೇ ಮತ್ತೆ ಇದ್ದರೂ ಅವರಿಗೆ ಅದು ಅರ್ಥವಾಗುತ್ತದೆ. ಮೊದಲ ವಾಕ್ಯದ ‘ತುಂಬಾ ನೋವಿದೆ’ ಎಂಬುದನ್ನು ತೆಗೆದುಹಾಕಿ, ಶಸ್ತ್ರಚಿಕಿತ್ಸೆಯ ದಿನಾಂಕ ಮತ್ತು ಮಾತ್ರೆಗಳ ಹೆಸರನ್ನು ಅಲ್ಲಿ ಬರೆಯಿರಿ. ಬಿಸಿನೀರಿನ ಸಂಗತಿಯನ್ನು ಎರಡನೆಯ ವಾಕ್ಯವಾಗಿ ಮೇಲಕ್ಕೆ ತನ್ನಿ, ಬೊಬ್ಬೆಯ ಕಲೆ ಇದ್ದರೆ ತೋರಿಸಿ. ಮರಗಟ್ಟಿದ ಪಾದವನ್ನು ದಿನವೂ ರಾತ್ರಿ ಕಣ್ಣಿನಿಂದ ನೋಡಿ ಪರೀಕ್ಷಿಸಿಕೊಳ್ಳಿ, ಗಾಯವಾದರೂ ನಿಮಗೆ ತಿಳಿಯುವುದಿಲ್ಲ. ಪಾದ ತಾಗದಂತೆ ಎತ್ತಿ ಹಿಡಿಯುವ ಪಟ್ಟಿ ಸಿಗುತ್ತದೆ. ಮಂಡಳಿಯ ದಿನಕ್ಕಾಗಿ ಕಾಯದೆ ಅದನ್ನು ಡಾಕ್ಟರರಲ್ಲಿ ಕೇಳಿ, ಬೀಳುವುದು ಮೊದಲು ನಿಲ್ಲಬೇಕು.

ಉತ್ತರ: ಕುಂಬಳೆಯ ನಿವೃತ್ತ ಗುಮಾಸ್ತ

ತಂಗೀ, ಎಲ್ಲ ಕಾಗದಗಳ ಎರಡು ಜೆರಾಕ್ಸ್ ಪ್ರತಿ ಮಾಡಿಸಿ, ಮೂಲ ಪ್ರತಿಗಳನ್ನು ಯಾರ ಕೈಗೂ ಬಿಟ್ಟುಕೊಡಬೇಡಿ. ಅರ್ಜಿ ಕೊಟ್ಟಾಗ ಸಂಖ್ಯೆ ಇರುವ ರಶೀದಿ ಕೇಳಿ ಪಡೆಯಿರಿ. ಪಾದವನ್ನು ಪರೀಕ್ಷಿಸಬೇಕೆಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಮಂಡಳಿಯ ದಿನ ತಮ್ಮನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಬಸ್ಸು ಬೇಡ, ಹಿಂದಿನ ಸೀಟಿನಲ್ಲಿ ಮಲಗಿ ಹೋಗುವಂತಹ ಗಾಡಿ ಸಿಗುತ್ತದೆಯೇ ನೋಡಿ. ಕಾಯುವಾಗ ಒರಗಿಕೊಳ್ಳಲು ಬೆಂಚು ಕೊಡಿ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ತಾರೀಕು ಬಂದ ಕೂಡಲೇ ಇಲ್ಲಿ ತಿಳಿಸಿ.